ಶೇಡ್ ನಂಬರ್ ಹದಿನೇಳು

ರಾತ್ರಿ ಯಾರೂ ಇಲ್ಲದಾಗ
ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಕೂತಿದೆ ಕಂಪ್ಯೂಟರು.
ಬೆಳಿಗ್ಗೆ ಶಟರ್ ಎತ್ತಿ, ಕೀಬೋರ್ಡಿನ ಮೇಲಿನ
ಕೌಲ್ ಬಜಾರಿನ ಕೆಂಧೂಳು ಒರೆಸಿ
ಬ್ರೌಸರ್ ತೆರೆದರೆ
ಅಕ್ಷರಕ್ಕೆಲ್ಲ ಕಣ್ಣಪೊರೆ.
ಪುಟದ ಬಲಗಡೆ ಯಾರೋ ಕತ್ತರಿ ಆಡಿಸಿದ್ದಾರೆ,
ಆರ್ಡರ್ ಕಳಿಸುವ ಗುಂಡಿ ಗಾಜಿನಾಚೆ ಎಲ್ಲೋ.
ಅದೆಲ್ಲ ಇರಲಿ.
ನೀಲಿ, ನೀಲಿಯಾಗಿಲ್ಲ.

ಹನ್ನೊಂದು ಹೊಲಿಗೆ ಮಷೀನು, ಹಿಂದೆ ಒಗೆಯುವ ಎರಡು ಡ್ರಮ್ಮು,
ಜೀನ್ಸಿನವರು ನಾವು, ನೀಲಿಯೇ ನಮ್ಮ ಅನ್ನ.
ಇಂದೋರಿನ ಪಾರ್ಟಿ ಕಳಿಸಿದ ಹದಿನೇಳನೇ ಶೇಡು
ನಿನ್ನೆಯವರೆಗೆ ನವಿಲಿನ ಕತ್ತಿನಂತಿತ್ತು.
ಇವತ್ತು ಬೂದಿಯ ಕಡೆ ವಾಲಿದೆ,
ನೆನೆಹಾಕಿ ಮರೆತ ಬಟ್ಟೆಯ ಹಾಗೆ.

ಮೊದಲು ಆರಿಸಿ ಹಚ್ಚಿದೆ. ಎಲ್ಲ ರೋಗಕ್ಕೂ ಅದೇ ತಾನೆ ಮೊದಲ ಮದ್ದು.
ಊದಿಕೊಂಡ ಪುಟವನ್ನು ನೂರಿಪ್ಪತ್ತೈದರಿಂದ ನೂರಕ್ಕೆ ಇಳಿಸಿದೆ,
ಗುಂಡಿ ವಾಪಸು ಬಂತು,
ತಡವಾಗಿ ಶಾಲೆಗೆ ಬಂದ ಹುಡುಗನಂತೆ ಮೂಲೆಯಲ್ಲಿ ನಿಂತಿತು.
ಕ್ಯಾಶೆ ಗುಡಿಸಿದೆ, ಕಸದ ಜೊತೆ ಲಾಗಿನ್ನುಗಳೂ ಹೋದವು.
ಎಕ್ಸ್‌ಟೆನ್ಷನ್ನುಗಳನ್ನು ಒಂದೊಂದಾಗಿ ಆರಿಸಿದೆ,
ಅದರಲ್ಲೊಂದು, ಯಾರು ಹಾಕಿದ್ದರೋ, ದಿನಾ ರಾಶಿಫಲ ಹೇಳುವಂಥದು.
ಹಾರ್ಡ್‌ವೇರ್ ಆಕ್ಸಲರೇಷನ್ ಎಂಬ ಸ್ವಿಚ್ಚು ಎಡಕ್ಕೆ ಸರಿಸಿದಾಗ
ಅಕ್ಷರದ ಪೊರೆ ಹರಿಯಿತು.
ನೀಲಿ ಕದಲಲಿಲ್ಲ.
ಬೇರೆ ಬ್ರೌಸರಿನಲ್ಲೂ ಅದೇ ಬೂದಿ. ಫೋನಿನಲ್ಲಿ ನೋಡಿದೆ, ಅಲ್ಲೂ ಅದೇ.
ಫೋನಿಗೂ ತಗುಲಿತಲ್ಲ ಅಂತ ಬೈದುಕೊಂಡೆ.

ರಿಪೇರಿ ಮೆಹಬೂಬನಿಗೆ ಫೋನು.
'ಕಲರ್ ಪ್ರೊಫೈಲ್ ಅಕ್ಕ. ಹಳೇದು ಯಾರೋ ಕೈಯಾರೆ ಹಾಕಿದ್ರು,
ಅಪ್‌ಡೇಟು ಅದನ್ನ ಕಿತ್ತು ಹಾಕೈತೆ. ವಾಪಸ್ ಕೂರಿಸ್ಲಾ?'
ತಡಿ, ಅಂದೆ.

ಯಾಕೆ ತಡಿ ಅಂದೆನೋ.
ಫೈಲಿನಲ್ಲಿ ಪಿನ್ನು ಚುಚ್ಚಿದ ತುಂಡೊಂದಿತ್ತು, ಅಂಗೈಯಗಲ,
ಅಂಚಿನಲ್ಲಿ ಹೊನ್ನೂರ್‌ವಲಿ ಹಾಕಿದ ಬಿಳಿ ದಾರದ ಗಂಟು.
ಕಿಟಕಿಗೆ ಒಯ್ದೆ.
ಬಳ್ಳಾರಿಯ ಹನ್ನೆರಡು ಗಂಟೆ ಬಿಸಿಲು
ಯಾವ ಅಪ್‌ಡೇಟಿಗೂ ಕಾಯುವುದಿಲ್ಲ,
ಇದ್ದದ್ದನ್ನು ಇದ್ದ ಹಾಗೆ ಸುಡುತ್ತ ತೋರಿಸುತ್ತದೆ.
ಪರದೆ ತಿರುಗಿಸಿ, ತುಂಡು ಪಕ್ಕಕ್ಕಿಟ್ಟೆ.

ಒಂದೇ.
ಅದೇ ಬೂದಿನೀಲಿ, ಅದೇ ಒಂದೆಳೆ ಹಸಿರು.
ಕೆಟ್ಟಿದ್ದು ಇವತ್ತಲ್ಲ.

ಹೋದ ವರ್ಷ ಯುಗಾದಿಯ ಹಿಂದಿನ ವಾರ
ನಾನೂರು ಪ್ಯಾಂಟು ರಾಶಿ ಬಿದ್ದಿದ್ದವು ಇಲ್ಲೇ.
ಎರ್ರಿಸ್ವಾಮಿ ಸಾಹುಕಾರರು ಇದೇ ಪರದೆಗೆ ಬಟ್ಟೆ ಹಿಡಿದು
'ಇದೇನೋ ಹದಿನೇಳು?' ಅಂದರು.
ಮೊಣಕೈವರೆಗೂ ನೀಲಿಯಾದ ಆ ಮನುಷ್ಯ
ಪರದೆ ನೋಡಿದ, ಬಟ್ಟೆ ನೋಡಿದ, ಕೊನೆಗೆ ತನ್ನ ಕೈ ನೋಡಿಕೊಂಡ.
'ಅವ್ರು ಕಳಿಸಿದ ತುಂಡಿಗೆ ಹೊಂದಿಸೇ ಒಗ್ದೀನಿ ಸಾಹುಕಾರ.'
ಆ ತುಂಡು ಯಾರಿಗೂ ಸಿಗಲಿಲ್ಲ.
ರುದ್ರಾಣಿ, ನೀನು ಹೇಳು, ಅಂದರು.
ಬೇರೆ ಕಾಣ್ತದೆ ಸರ್, ಅಂದೆ.
ಕಂಡದ್ದನ್ನೇ ಹೇಳಿದ್ದೆ.

ಮಾಲು ಕೇಳಿದ ರೇಟಿಗೆ ಹೋಯಿತು.
ಅವನ ಹೆಸರಿನ ಮುಂದೆ 'ಲೆಕ್ಕ ಚುಕ್ತಾ' ಎಂದು ಬರೆದದ್ದು
ನನ್ನದೇ ಅಕ್ಷರ, ನೀಲಿ ಶಾಯಿ.

'ಅಕ್ಕಾ, ಲೈನಲ್ಲಿದೀಯಾ? ಹಳೇದು ಕೂರಿಸ್ಲಾ?'
ಬ್ಯಾಡ, ಅಂದೆ.
ಸಾಹುಕಾರರು ಬಾಗಿಲಲ್ಲೇ ಚಪ್ಪಲಿ ಕೊಡವುತ್ತ, ಸರಿಹೋಯ್ತೇನಮ್ಮ, ಅಂದರು.
ತುಂಡನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಹಾಜರಿ ಪುಸ್ತಕದ ಹಿಂದಿನ ರಟ್ಟಿನಲ್ಲಿ ಅವನ ನಂಬರಿತ್ತು,
ಮೇಲೊಂದು ಬೆರಳಿನ ಗುರುತು, ಬಣ್ಣ ಇನ್ನೂ ಬಿಟ್ಟಿಲ್ಲ.
ರಿಂಗ್ ಆಗ್ತಾ ಇದೆ.
ಎತ್ತಿದರೆ ಏನಂತ ಶುರುಮಾಡಲಿ,
ಕಿಟಕಿಯ ಹತ್ತಿರ ನೋಡಿದೆ ಅಂತಲೋ,
ಅವತ್ತೂ ಕಿಟಕಿ ಇಲ್ಲೇ ಇತ್ತು ಅಂತಲೋ.