ಮೊದಲಿದ್ದಂತೆ

ಹನ್ನೊಂದು ಪರವಾನಗಿ ಇದ್ದವು ನನ್ನ ಚೀಲದಲ್ಲಿ:
ಕಲ್ಲುಗೋಪುರಕ್ಕೆ ಪುರಾತತ್ವದವರದು,
ಹಿಮದ ಆಚೆ ಇನ್ನೊಂದು ದೇಶವೆಂದು ಗಡಿಕಾವಲಿನವರದು,
ಡ್ರೋನಿಗೊಂದು, ಹೊಗೆಗೊಂದು,
ಇಂಗುರಿಯ ಸೇತುವೆ ಮೇಲೆ ಎಂಟು ಟನ್ನಿನ ಕ್ರೇನು ಹಾಯಲಿಕ್ಕೊಂದು.
ಒಂದೊಂದಕ್ಕೂ ಮೊಹರು, ಮೊಹರಿನ ಮೇಲೆ ಸಹಿ,
ಸಹಿಯ ಹಿಂದೆ ಮೂರು ಮೂರು ಸಲದ ‘ನಾಳೆ ಬಾ’.

ಸಿದೋನಿಯಾಳ ಗೇಟಿಗೆ ಮಾತ್ರ ಕಾಗದವಿರಲಿಲ್ಲ.
ಬಾಯಲ್ಲೇ ಹೇಳಿದ್ದಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ:
"ತಗೋ ಮಗಳೇ, ಗೇಟು ತಾನೆ,
ಹೊತ್ತುಕೊಂಡೇನೂ ಹೋಗುವುದಿಲ್ಲವಲ್ಲ."

ನಾನು ಕುತೈಸಿಯವಳು. ಈ ಬೆಟ್ಟದವರಿಗೆ ಅದೂ ಪರನಾಡೇ.
ಅವರ ಸ್ವಾನ್ ಮಾತು ನನಗೆ ಬಾರದು,
ಬಂದ ತಂಡದ ಮಾತು ಅವರಿಗೆ ಬಾರದು.
ನನ್ನ ಕೆಲಸ, ಎರಡೂ ಕಡೆಯ ಬೈಗುಳವನ್ನು
ಒಂದಿಷ್ಟು ಸೋಸಿ ದಾಟಿಸುವುದು.

"ಆ ಇಳಿಜಾರಿನ ಹುಲ್ಲು ಐದು ದಿನ ಕೊಯ್ಯಬಾರದು,
ಗಾಳಿಗೆ ತೂಗಬೇಕು" ಎಂದ ನಿರ್ದೇಶಕ.
ಗೆಗಿ ಕುಡುಗೋಲಿಗೆ ಸಾಣೆ ಹಿಡಿಯುತ್ತಲೇ ಕೇಳಿಸಿಕೊಂಡ.
ಇಷ್ಟು ಕೊಡುತ್ತಾರೆ ಎಂದೆ.
"ನನ್ನ ಹಸು ನೋಟು ಮೇಯುವುದಿಲ್ಲ."
ಅದರ ಎರಡರಷ್ಟು ಎಂದೆ.
"ಅಷ್ಟರಲ್ಲಿ ಮಳೆ ಬಂದರೆ?"
ಬರುವುದಿಲ್ಲ ಎಂದುಬಿಟ್ಟೆ.
"ಓಹೋ, ಅದಕ್ಕೂ ಪರವಾನಗಿ ತಂದಿದ್ದೀಯಾ!"

ಬರಲಿಲ್ಲ, ನನ್ನ ಪುಣ್ಯ. ಆರನೆಯ ದಿನ
ಲೈಟಿನ ಹುಡುಗರೂ ಇಳಿದರು ಹುಲ್ಲು ಒಟ್ಟಲು,
ಅಂಗೈಯ ಬೊಬ್ಬೆ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತ.
ಗೆಗಿ ಅವರಿಗೆ ಮನೆಯ ಸಾರಾಯಿ ಕೊಟ್ಟ,
ನನಗೆ ಮಾತ್ರ ಮಜ್ಜಿಗೆ:
"ನೀನು ಇನ್ನೂ ಎಲ್ಲರ ಜೊತೆ ಮಾತಾಡಬೇಕಲ್ಲ."

ಸಿನಿಮಾದಲ್ಲಿ ಇದು ಈ ಊರಲ್ಲ.
ಯಾವ ನಕ್ಷೆಯಲ್ಲೂ ಇಲ್ಲದ, ಎಂದೋ ಅಳಿದ ಒಂದು ರಾಜ್ಯ.
"ಹಾಗಾದರೆ ಅಲ್ಲಿ ನಾನು ಯಾರು?" ಎಂದಳು ಸಿದೋನಿಯಾ.
ನೀನು ಕಾಣುವುದಿಲ್ಲಮ್ಮ, ಒಳಗೇ ಇರಬೇಕು.
"ಬೆಳಗ್ಗೆ ಐದಕ್ಕೆ ಹಸು?"
ಕೇಳಿಕೊಂಡು ಬಂದೆ. ಹಸು ಕಾಣಬಹುದಂತೆ.
ಬಹಳ ಹೊತ್ತು ನಕ್ಕಳು. ಆಮೇಲೆ ನಗಲಿಲ್ಲ.

ಅಳಿದ ರಾಜ್ಯದಲ್ಲಿ ನೀಲಿ ಗೇಟು ಇರುವುದಿಲ್ಲವೆಂದು
ಕಲಾ ವಿಭಾಗದವರು ಕಂದು ಬಳಿದರು,
ಮೇಲೆ ಕೆಸರೆರಚಿ ಮುನ್ನೂರು ವರ್ಷ ಹಳೆಯದು ಮಾಡಿದರು
ಒಂದೇ ಮಧ್ಯಾಹ್ನದಲ್ಲಿ.
ನಾನಾಗ ಸೇತುವೆಯ ಹತ್ತಿರ, ಕ್ರೇನಿನ ಜಗಳದಲ್ಲಿದ್ದೆ.

ಅಕ್ಟೋಬರಿನಲ್ಲಿ ಒಬ್ಬಳೇ ಬಂದೆ, ಕೊನೆಯ ನಮೂನೆ ಹಿಡಿದು:
‘ಸ್ಥಳವನ್ನು ಮೊದಲಿದ್ದಂತೆ ಮರಳಿಸಲಾಗಿದೆ.
ಮಾಲೀಕರ ಸಹಿ.’
ಕಂದನ್ನು ಕೆರೆದರೆ ಕೆಳಗಿನ ನೀಲಿಯೂ ಎದ್ದು ಬಂತು.
ತಿರುಗಣಿಯ ಸಂದಿಯಲ್ಲಿ ಉಗುರಿನಷ್ಟು ಉಳಿದಿತ್ತು;
ಅದನ್ನೇ ಕರವಸ್ತ್ರದಲ್ಲಿ ಸುತ್ತಿ ಜುಗ್ದಿದಿಗೆ ಇಳಿದೆ.
ಅಂಗಡಿಯವನು ಏಳು ಸಲ ಕಲಸಿದ, ಏಳು ಸಲ ಬೆರಳಿಗೆ ಹಚ್ಚಿ
ಬೆಳಕಿಗೆ ಹಿಡಿದ. "ಇದು ಸೋವಿಯತ್ ಬಣ್ಣ, ಅಕ್ಕ,
ಆ ಕಾರ್ಖಾನೆಯ ಮೇಲೆ ಈಗ ಮರ ಬೆಳೆದಿವೆ."

ಹಚ್ಚಿದೆ, ಎರಡು ಪದರ. ಚಳಿಗೆ ಬೇಗ ಒಣಗಲೊಲ್ಲದು.
ಸಿದೋನಿಯಾ ದೂರ ನಿಂತಳು, ಹತ್ತಿರ ಬಂದಳು.
"ನೀಲಿಯೇನೋ ಹೌದು.
ಬಿಮುರ್ಜಾನದಲ್ಲ.
ಬಸ್ ನಿಲ್ದಾಣಕ್ಕೆ ಬಳಿದು ಉಳಿದದ್ದನ್ನು ಡಬ್ಬಿ ಸಮೇತ ಎತ್ತಿಕೊಂಡು ಬಂದಿದ್ದ.
ನಿಲ್ದಾಣ ಹೊಳೆಗೆ ಹೋಯಿತು. ಬಸ್ಸು ನಿಂತಿತು.
ಅವನೂ."

ನಮೂನೆ ಓದಿ ಹೇಳೆಂದಳು. ಓದಿದೆ.
"ಮೊದಲು ಅಂದರೆ ಯಾವಾಗ?"

ಎಂಟು ವರ್ಷದ ಈ ಕೆಲಸದಲ್ಲಿ
ಯಾವ ಕಚೇರಿಯೂ ಕೇಳದ ಪ್ರಶ್ನೆ.
ಗೊತ್ತಿಲ್ಲಮ್ಮ ಎಂದೆ.
ಪೆನ್ನು ಇಸಿದುಕೊಂಡು ಸಹಿ ಹಾಕಿದಳು,
ಕೆಲಸ ಕಳೆದುಕೊಳ್ಳಬೇಡವೆಂದು.

ಅಷ್ಟರಲ್ಲಿ ಹಸು ಬಂತು ಬೆಟ್ಟದಿಂದ,
ಗೇಟನ್ನು ಮೂಸಿತು, ಸೀನಿತು,
ಒಳಗೆ ಬರಲೊಲ್ಲೆ ಎಂದು ಕಾಲೂರಿ ನಿಂತಿತು.
ಅವಳು ಕೊಂಬು ಹಿಡಿದು ಎಳೆದಳು, ನಾನು ಹಿಂದಿನಿಂದ ನೂಕಿದೆ.
ಕೊನೆಗೂ ದಾಟಿ ಹೋಯಿತು ಕತ್ತಲೆಯ ಕೊಟ್ಟಿಗೆಗೆ,
ಬೆನ್ನ ಮೇಲೆ ನನ್ನ ಎರಡು ಅಂಗೈ,
ಹಸಿ ನೀಲಿ.