ನಲವತ್ತೆರಡನೆಯ ದೀಪ

ದೀಪ ಹೂಳುವುದು ಹಗಲಿನ ಕೆಲಸ,
ಅದರ ಮುಖ ತಿರುಗಿಸುವುದು ರಾತ್ರಿಯದು.
ಹಾಗಾಗಿ ನಾನು, ಎಫ್ರೈನ್ ಬುಸ್ತಮಾಂಟೆ,
ಟೂಸಾನ್ ಊರಾಚೆಯ ಈ ಅರವತ್ತು ಮನೆಗಳ ಅಂಗಳದಲ್ಲಿ
ಎಂಟೂವರೆಗೆ ಮಂಡಿಯೂರಿದ್ದೇನೆ,
ಬಾಯಲ್ಲಿ ಟಾರ್ಚು,
ಚೇಳಿಗೆ ಹೆದರಿ ಒಂದರ ಮೇಲೊಂದು ಕೈಗವಸು.

ಇಲ್ಲಿಯ ನೆಲ ನೆಲವಲ್ಲ, ಸುಣ್ಣ ಕಟ್ಟಿದ ಕಲ್ಲು.
ಗೇಣುದ್ದ ಆಳಕ್ಕೆ ಒಂದು ಬೆಳಗು ಹೋಯಿತು.
ತಂತಿ ಹಾಸಿದೆ. ಬಿಲದ ಇಲಿ ಕಡಿಯಿತು.
ಮತ್ತೆ ಹಾಸಿದೆ.

ಸವಾರೋ ಕಳ್ಳಿಗೆ ಬುಡದಿಂದ ಬೆಳಕು ಬಿಟ್ಟರೆ
ಪೊಲೀಸರಿಗೆ ಕೈಯೆತ್ತಿ ನಿಂತ ಕಳ್ಳನ ಹಾಗೆ ಕಾಣುತ್ತದೆ.
ಎರಡು ಮಾರು ಪಕ್ಕಕ್ಕೆ ಸರಿಸಿದೆ.
ಈಗ ಅದು ಯಾರನ್ನೋ ಕರೆಯುತ್ತಿರುವ ಮುದುಕ.
ಸಮಿತಿಯ ಗ್ಲೆಂಡನ್ ಪ್ರುವಿಟ್ ನಾಲ್ಕನೇ ಸಲ ಬಂದ.
ಹಳದಿ ಹೆಚ್ಚಾಯಿತು, ಬಿಳಿ ಹಾಕು ಅಂದ.
ಬಿಳಿ ಹಾಕಿದರೆ ಆಸ್ಪತ್ರೆ ಆಗುತ್ತದೆ ಅಂದೆ.
ಸುಮ್ಮನಾದ. ಈ ವಯಸ್ಸಿನವರಿಗೆ
ಆಸ್ಪತ್ರೆಯ ಬೆಳಕು ವಿವರಿಸಬೇಕಿಲ್ಲ.

ಇಷ್ಟಕ್ಕೂ ಕಾರಣ ಹದಿನಾಲ್ಕನೆಯ ಮನೆಯ ವರ್ನಾ ಸ್ಟೋಕ್ಲಿ.
ಹಗಲು ಕಂಡ ಮೆಟ್ಟಿಲಿಗೆ ಇರುಳು ಬಿದ್ದವಳು,
ಕಳೆದ ಮೇ ತಿಂಗಳು, ಸೊಂಟ ಮುರಿದು.
ಸಭೆ ಸೇರಿತು, ಕೈಗಳೆದ್ದವು:
ಮೂವತ್ತೊಂದು, ಇಪ್ಪತ್ತೆಂಟು.
ತಪ್ಪು ಕತ್ತಲಿನದೆಂದು ನಡಾವಳಿಯಲ್ಲಿ ಬರೆದರು.
ಈಗ ಎಲ್ಲರ ಬಾಯಲ್ಲೂ ಇವು 'ವರ್ನಾ ದೀಪ'.
ಪ್ರೀತಿಯಿಂದಲೇ ಅನ್ನುತ್ತಾರೆ; ಅದೇ ಅವಳಿಗೆ ಮುಳ್ಳು.

ಕೊನೆಯದನ್ನು, ಬೆಂಚಿನ ಹತ್ತಿರದ್ದನ್ನು ತಿರುಗಿಸುವಾಗ
ಕೋಲೂರಿಕೊಂಡು ಬಂದಳು.
ಬಂದವಳು ಬಹಳ ಹೊತ್ತು ನನ್ನ ಸ್ಪ್ಯಾನರನ್ನೇ ನೋಡಿದಳು.
ಆಮೇಲೆ:
ಕತ್ತಲಿಗೆ ಬಿದ್ದದ್ದಲ್ಲಪ್ಪ ನಾನು.
ಹನ್ನೊಂದು ವರ್ಷ ಇಳಿದ ಮೆಟ್ಟಿಲು,
ಕಾಲಿಗೆ ಬಾಯಿಪಾಠ.
ಅವತ್ತು ಮೇಲೆ ನೋಡುತ್ತ ಇಳಿದೆ.
ಆಕಾಶದ ಚೇಳು, ಆ ದೊಡ್ಡದು,
ಆಗಷ್ಟೇ ಬಾಲ ಸಮೇತ ಬೆಟ್ಟ ಹತ್ತಿತ್ತು.
ಇದನ್ನು ಸಭೆಯಲ್ಲಿ ಹೇಗೆ ಹೇಳಲಿ,
ನಾನು ಗಾಲಿಕುರ್ಚಿಯಲ್ಲಿ, ಅವರು ಚಪ್ಪಾಳೆ ತಟ್ಟುತ್ತ?

ಇಬ್ಬರೂ ತಲೆಯೆತ್ತಿದೆವು.
ಒದ್ದೆ ಬಟ್ಟೆಯಲ್ಲಿ ಅವಸರಕ್ಕೆ ಒರೆಸಿದ ಸ್ಲೇಟು.

ಒಂದು ದೀಪ ತೆಗೆದರೆ ಎಷ್ಟು ನಕ್ಷತ್ರ ವಾಪಸು ಬರುತ್ತವೆ,
ನನ್ನ ಕಸುಬಿನಲ್ಲಿ ಆ ಲೆಕ್ಕ ಕಲಿಸಿಲ್ಲ.
ಬಿಲ್ಲಿನ ಕೆಳಗೆ ಬರೆದೆ:
ನಲವತ್ತೊಂದು ಉರಿಯುತ್ತಿವೆ,
ಬೆಂಚಿನ ಹತ್ತಿರದ್ದಕ್ಕೆ ಬಲ್ಬು ಬಂದಿಲ್ಲ, ಮುಂದಿನ ವಾರ.

ಬಲ್ಬು ನನ್ನ ವ್ಯಾನಿನಲ್ಲೇ ಇದೆ,
ಕಾಫಿ ಡಬ್ಬಿಯಲ್ಲಿ, ಮೊಳೆಗಳ ನಡುವೆ.
ಗ್ಲೆಂಡನ್ ಪ್ರತಿ ಮಂಗಳವಾರ ಫೋನು ಮಾಡುತ್ತಾನೆ.
ಮುಂದಿನ ವಾರ, ಅನ್ನುತ್ತೇನೆ.