ಕೆ-ಏಳು

ಟೊಲೀಡೋ ಊರಲ್ಲಿ ಇಪ್ಪತ್ತೆರಡು ಹೋಟೆಲು, ಮೂರು ಬಾರು,
ಒಂದು ಲಾಂಡ್ರಿ: ಇಷ್ಟು ನನ್ನ ಸುತ್ತು.
ವಾರಕ್ಕೊಮ್ಮೆ ಬೀಗ ತೆಗೆದು, ಹಾಡಿನ ಪೆಟ್ಟಿಗೆಯ ಹೊಟ್ಟೆಗೆ ಕೈ ಹಾಕಿ
ಚಿಲ್ಲರೆ ಬಾಚುತ್ತೇನೆ, ಸೂಜಿ ಬದಲಿಸುತ್ತೇನೆ,
ಯಾವ ತಟ್ಟೆ ಎಷ್ಟು ತಿರುಗಿತೆಂದು ಮೀಟರು ನೋಡಿ
ತಿರುಗದ್ದನ್ನು ಕಿತ್ತು ಚೀಲಕ್ಕೆ ಹಾಕುತ್ತೇನೆ.
ಒಳ್ಳೇದೋ ಕೆಟ್ಟದ್ದೋ ಹೇಳಲು ನನಗೆ ಸಂಬಳವಿಲ್ಲ.

ಆದರೂ ಹೇಳುತ್ತೇನೆ:
ಈ ಕಂಟ್ರಿ ಹಾಡೆಂದರೆ ನನಗಾಗದು.
ಹದಿನೆಂಟು ವರ್ಷ ಜಾಝ್ ತಂಡದಲ್ಲಿ ಡ್ರಮ್ಸ್ ಬಾರಿಸಿದ ಕೈ ಇದು.
ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಸಾಯುವ ಆ ಗೋಳು,
ಒದ್ದೆ ನೆಲದ ಮೇಲೆ ಕುರ್ಚಿ ಎಳೆದಂತೆ ಆ ಗಿಟಾರು,
ಓಡಿಹೋದ ಹೆಂಡತಿ, ಓಡದ ಲಾರಿ.
ಈಗೀಗ ಅದಕ್ಕೆ ಪಟ್ಟಣದ ಪೌಡರು ಬೇರೆ:
ಒಂದು ಡಜನ್ ಪಿಟೀಲು,
ಹಿಂದೆ ನಿಂತು ಊ ಎನ್ನಲು ನಾಲ್ವರು ಗಂಡಸರು.
ಹಳಸಿದ್ದಕ್ಕೆ ಒಗ್ಗರಣೆ.

ಗಾಜಿನ ಕಾರ್ಖಾನೆ ಎದುರು ಮೊಲ್ನಾರನ ಹೋಟೆಲು.
ಅಲ್ಲಿ ಕೆ-ಏಳು ಸವೆದು ಬೂದಿಬಣ್ಣವಾಗಿತ್ತು.
ಮಾರ್ಚಿಯಿಂದ ಇದು ಮೂರನೇ ತಟ್ಟೆ.
ಹೊಸದನ್ನು ಇಟ್ಟು, ಸದ್ದು ಸರಿಯಿದೆಯೇ ಅಂತ
ಪೆಟ್ಟಿಗೆಯೊಳಗೆ ತಲೆಯಿಟ್ಟು ಕೇಳಿದೆ.
ಕೆಲಸದ ಕಿವಿಯಿಂದ, ಅಷ್ಟೇ.

ಹೆಂಗಸೊಬ್ಬಳು ಹಾಡುತ್ತಿದ್ದಾಳೆ:
ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದೇನೆ,
ನಿನ್ನ ಕೋಟು ಚರ್ಚಿಗೆ ಕೊಟ್ಟುಬಿಟ್ಟೆ,
ಚೆನ್ನಾಗಿ ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ,
ನಿನ್ನನ್ನು ಮರೆತೆ.

ಎಲ್ಲ ಮಾತೂ ತಾಳಕ್ಕೆ ಸರಿಯಾಗಿ ಬಂದವು,
ಬಾಡಿಗೆ ತಪ್ಪದೆ ಕಟ್ಟುವವಳಂತೆ.
'ಮರೆತೆ' ಮಾತ್ರ ಅರ್ಧ ಮಾತ್ರೆ ತಡ.
ಅದಕ್ಕೂ ಮುಂಚೆ ಒಂದು ಉಸಿರು.
ಅಳಿಸಬಹುದಿತ್ತು, ಯಾರೋ ಪುಣ್ಯಾತ್ಮ ಅಳಿಸಲಿಲ್ಲ.
ಪಿಟೀಲುಗಳು ಮುಂದೆ ಹೋಗಿಬಿಟ್ಟಿದ್ದವು,
ಊ ಎನ್ನುವವರಿಗಂತೂ ಏನೂ ಗೊತ್ತಾಗಲಿಲ್ಲ.

ನನಗೆ ಗೊತ್ತಾಯಿತು.
ಆ ಅರ್ಧ ಮಾತ್ರೆಗಾಗಿ ಹದಿನೆಂಟು ವರ್ಷ
ಕಡ್ಡಿ ಮುರಿದುಕೊಂಡವನು ನಾನು.
ನನ್ನ ಕೈಗೆ ಅದು ಸಿಕ್ಕಾಗಲೆಲ್ಲ ಜಂಬವಾಗಿ ಸಿಕ್ಕಿತ್ತು.
ಇವಳಿಗೆ ಸುಳ್ಳು ಹೇಳುವಾಗ ಸಿಕ್ಕಿದೆ.

"ಟಾಲಿವರ್, ಕೆಟ್ಟಿದೆಯಾ ಅದು?" ಅಂದಳು ಅರ್ಲೀಟಾ,
ಆರು ತಟ್ಟೆ ಮೊಟ್ಟೆ ತೋಳಿನ ಮೇಲೆ ಹೊತ್ತು.
"ಸೂಜಿ ನೋಡ್ತಿದ್ದೇನೆ," ಅಂದೆ.
ಇನ್ನೊಂದು ಸಲ ಸೂಜಿ ನೋಡಿದೆ.

ಪರೀಕ್ಷೆಗೆಂದು ನಮಗೆ ಬೇರೆ ನಾಣ್ಯ ಕೊಟ್ಟಿರುತ್ತಾರೆ,
ಕೆಂಪು ಉಗುರುಬಣ್ಣ ಬಳಿದದ್ದು.
ಎಣಿಸುವಾಗ ಅವು ಲೆಕ್ಕಕ್ಕಿಲ್ಲ, ನಮ್ಮ ಜೇಬಿಗೇ ವಾಪಸು.
ಎರಡು ಸಲ ಅದನ್ನೇ ಹಾಕಿದ್ದೆ.
ಮೂರನೇ ಸಲ ನನ್ನ ಸ್ವಂತದ ಹತ್ತು ಸೆಂಟು,
ಬಣ್ಣವಿಲ್ಲದ್ದು, ಹಾಕಿದೆ.

ಅಭಿಪ್ರಾಯ ಬದಲಾಗಿಲ್ಲ, ತಿಳಿದಿರಲಿ.
ಕೆ-ಎಂಟರಲ್ಲಿ ಒಬ್ಬ ತನ್ನ ನಾಯಿಗಾಗಿ ಅಳುತ್ತಾನೆ,
ಅವನು ಬಾಯಿ ತೆರೆಯುವ ಮೊದಲೇ ನಾನು ವ್ಯಾನಿನಲ್ಲಿರುತ್ತೇನೆ.

ಮುಂದಿನ ವಾರ ಮೊಲ್ನಾರನ ಮೇಜಿನ ಮೇಲೆ ಚಿಲ್ಲರೆ ಸುರಿದು
ಅರ್ಧ ಅವನಿಗೆ, ಅರ್ಧ ಕಂಪನಿಗೆ ಎಣಿಸಿದೆ.
ಅದರಲ್ಲಿ ನನ್ನದು ಯಾವುದೋ
ಗುರುತು ಸಿಗಲಿಲ್ಲ.